ರಿಸೆಪ್ಷನ್ ಮೇಜಿನ ಮೇಲೆ ಡಿಸ್ಪೋಸಬಲ್ ಕ್ಯಾಮೆರಾ ಇಡೋದಾ, ಬೇಡ್ವಾ?

ಮದುಮಗಳ ಅಕ್ಕ
ಎಲ್ಲರಿಗೂ ನಮಸ್ಕಾರ. ತಂಗಿ ಮದುವೆ ಹತ್ತಿರ ಬಂತು. ರಿಸೆಪ್ಷನ್‌ಗೆ ಹನ್ನೆರಡು ಮೇಜು, ಮೇಜಿಗೆ ಎಂಟು ಜನ. ಪ್ರತಿ ಮೇಜಿನ ಮೇಲೂ ಒಂದು ಡಿಸ್ಪೋಸಬಲ್ ಕ್ಯಾಮೆರಾ (ಒಳಗೇ ಒಂದು ಫಿಲ್ಮ್ ರೀಲು ಇರುತ್ತೆ, ಮುಗಿದ ಮೇಲೆ ಕ್ಯಾಮೆರಾ ಸಮೇತ ಲ್ಯಾಬಿಗೆ ಕೊಡೋದು) ಇಡೋಣ, ಬಂದವರೇ ತೆಗೀಲಿ ಅಂತ ಅವಳ ಆಸೆ. ಫೋಟೋಗ್ರಾಫರ್ ಹೇಗೂ ಇದ್ದಾರೆ, ಇದು ಅವರ ಬದಲಿಗಲ್ಲ. ಅಪ್ಪನದು ಒಂದೇ ಮಾತು: "ಎಲ್ಲರ ಜೇಬಲ್ಲೂ ಫೋನ್ ಇದೆ, ಮತ್ತೆ ಇದ್ಯಾಕೆ?" ನನಗೆ ಇಬ್ಬರ ಮಾತೂ ಸರಿ ಅನ್ನಿಸ್ತಿದೆ, ಅದೇ ತೊಂದರೆ. ಒಂದರಲ್ಲಿ 27 ಫೋಟೋ, ಹನ್ನೆರಡಕ್ಕೆ 324. ಅಷ್ಟರಲ್ಲಿ ನೋಡೋ ಹಾಗಿರೋದು ಎಷ್ಟು ಬರುತ್ತೆ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸುಮ್ನೆ "ತುಂಬಾ ಚೆನ್ನಾಗಿರುತ್ತೆ" ಅನ್ನೋರು ನಮ್ಮನೇಲೇ ಬೇಕಾದಷ್ಟಿದ್ದಾರೆ.

ಹಳೇ ರೀಲು
ನಮ್ಮ ಮದುವೆಗೆ ಹತ್ತು ಇಟ್ಟಿದ್ವಿ. ವಾಪಸ್ ಬಂದಿದ್ದು ಏಳು. ಎರಡನ್ನ ಯಾರೋ ನೆನಪಿನ ಕಾಣಿಕೆ ಅಂದ್ಕೊಂಡು ಮನೆಗೆ ತಗೊಂಡು ಹೋದ್ರು, ಇನ್ನೊಂದು ಮೇಜು ಒರೆಸಿದವರ ಕಸದ ಚೀಲಕ್ಕೆ ಹೋಗಿರಬೇಕು.

ಏಳರಲ್ಲಿ ಒಂದು ರೀಲಿನ ಕಥೆ ಹೇಳ್ತೀನಿ. 27 ಫೋಟೋದಲ್ಲಿ 19ರ ಬಲಗಡೆ ಮೂಲೇಲಿ ಒಂದು ಹೆಬ್ಬೆರಳು. ಫ್ಲ್ಯಾಶ್ ಬಿದ್ದು ಬೆಳ್ಳಗೆ, ಕುಂಬಳಕಾಯಿ ಗಾತ್ರಕ್ಕೆ ಊದಿಕೊಂಡು ಕೂತಿದೆ. ಈ ಕ್ಯಾಮೆರಾಗಳಲ್ಲಿ ನಾವು ಕಣ್ಣಿಟ್ಟು ನೋಡೋ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಬೆರಳು ಲೆನ್ಸಿಗೆ ಅಡ್ಡ ಬಂದಿದ್ದು ತೆಗೆಯೋರಿಗೆ ಗೊತ್ತೇ ಆಗಲ್ಲ. ಆ ಬೆರಳಿನ ಉಗುರಿನ ಪಕ್ಕ ಒಂದು ಹಳೇ ಗಾಯದ ಗುರುತು ಕಾಣ್ತಿತ್ತು. ಎರಡೂ ಕಡೆಯ ನೆಂಟರು ಬಂದಾಗೆಲ್ಲ ನಾನೂ ನನ್ನ ಹೆಂಡತಿಯೂ ಮೊದಲು ನೋಡೋದು ಅವರ ಬಲಗೈ. ಇನ್ನೂ ಪತ್ತೆ ಆಗಿಲ್ಲ. ಫೋಟೋಗ್ರಾಫರ್ ಕೊಟ್ಟ ದಪ್ಪ ಆಲ್ಬಮ್ ಬೀರು ಮೇಲಿದೆ. ಹೆಬ್ಬೆರಳಿನ ರೀಲು ಮಾತ್ರ ಯಾರೇ ಬಂದ್ರೂ ಆಚೆ ಬರುತ್ತೆ.

ಹಾಗಂತ ಇಡಿ ಅಂತ ನಾನು ಹೇಳ್ತಿಲ್ಲ. ಏಳು ರೀಲಲ್ಲಿ ನಾವು ಇಟ್ಕೊಂಡಿದ್ದು ಅರವತ್ತು ಚಿಲ್ಲರೆ ಫೋಟೋ ಅಷ್ಟೇ.

ಮೂರನೇ ಸಾಲು
ಮದುವೆಗೆ ಕರೆಸಿಕೊಂಡು ಹೋದವನ ಕಡೆಯಿಂದ ಒಂದು ಮಾತು. ಹೋದಲ್ಲೆಲ್ಲ ಈಗ ಅತಿಥಿಗಳಿಗೆ ಕೆಲಸ. ಇಲ್ಲಿ ಹಾರೈಕೆ ಬರೀರಿ, ಅಲ್ಲಿ ಬೆರಳಚ್ಚು ಒತ್ತಿ, ಈ ಪ್ರಶ್ನೆಗೆ ಉತ್ತರ ತುಂಬಿ, ಆ ಕೋಡ್ ಸ್ಕ್ಯಾನ್ ಮಾಡಿ. ಈಗ ಕ್ಯಾಮೆರಾನೂ. ನಾನು ಹೋಗೋದು ನಾಲ್ಕು ಜನರ ಜೊತೆ ಕೂತು ಹರಟೆ ಹೊಡೆಯೋಕೆ. ಬೇಕಿದ್ರೆ ಕ್ಯೂಆರ್ ಕೋಡ್ ಒಂದನ್ನ ಮೇಜಿನ ಮೇಲಿಡಿ, ತೆಗೆದವರು ತಮ್ಮ ಪಾಡಿಗೆ ಆಲ್ಬಮ್‌ಗೆ ಹಾಕ್ತಾರೆ. ನಿಮ್ಮ ತಂದೆ ಹೇಳೋದೇ ಸರಿ.

ಎರಡು ಮಕ್ಕಳ ತಾಯಿ
ಮೂರನೇ ಸಾಲು ಅವರೇ, ನಿಜ ಹೇಳಿ, ಹೋದ ಮದುವೇಲಿ ತೆಗೆದ ಫೋಟೋಗಳನ್ನ ನೀವು ಕಳಿಸಿದ್ರಾ?

ಮೂರನೇ ಸಾಲು
…ಕಳಿಸ್ಬೇಕು ಅಂತಲೇ ಇದೀನಿ.

ಎರಡು ಮಕ್ಕಳ ತಾಯಿ
ಅದೇ ನಾನು ಹೇಳೋದು. ಫೋನಲ್ಲಿ ಬೀಳೋ ಫೋಟೋ ಫೋನಲ್ಲೇ ಉಳಿಯುತ್ತೆ. ನಮ್ಮ ನಾದಿನಿ ಮದುವೇಲಿ ಕ್ಯೂಆರ್ ಕೋಡ್ ಇಟ್ಟಿದ್ರು, ಅದಕ್ಕೆ ಚೆಂದದ ಚೌಕಟ್ಟು ಬೇರೆ. ಫೋಟೋ ಹಾಕಿದವರು ಆರು ಜನ. ಆ ಆರರಲ್ಲಿ ಇಬ್ಬರು ಮದುಮಗನ ತಂಗಿಯರೇ.

ಆದ್ರೆ ಕ್ಯಾಮೆರಾ ಬಗ್ಗೆಯೂ ಒಂದು ಎಚ್ಚರಿಕೆ. ಮೇಜಿನ ಮೇಲೆ ಬಿಟ್ರೆ ದೊಡ್ಡವರು ಬಂದು ಕೂರೋಷ್ಟರಲ್ಲಿ ಮಕ್ಕಳು ರೀಲು ಮುಗಿಸಿರ್ತಾರೆ. ನನ್ನ ಮಕ್ಕಳೇ ಮುಗಿಸಿದ್ದಾರೆ, ಅದಕ್ಕೇ ಗೊತ್ತು. ಆ ಹಲ್ಲಿನ ಚಕ್ರ ಇದೆಯಲ್ಲ, ಹೆಬ್ಬೆರಳಲ್ಲಿ ಕಿರ್ರ್ ಕಿರ್ರ್ ಅಂತ ತಿರುಗಿಸೋದು, ಮಕ್ಕಳಿಗೆ ಅದಕ್ಕಿಂತ ಒಳ್ಳೇ ಆಟಿಕೆ ಇಲ್ಲ. ತಿರುಗಿಸು, ಒತ್ತು, ತಿರುಗಿಸು, ಒತ್ತು. ಇಪ್ಪತ್ತು ಫೋಟೋ ಮೇಲ್ಛಾವಣಿದು. ಚಿಕ್ಕವನು ಕ್ಯಾಮೆರಾ ಉಲ್ಟಾ ಹಿಡ್ಕೊಂಡು ತನ್ನ ಕಣ್ಣಿಗೇ ಫ್ಲ್ಯಾಶ್ ಹೊಡ್ಕೊಂಡ, ಆಮೇಲೆ ಅರ್ಧ ಗಂಟೆ ಅಳು.

ಲೆಕ್ಕದ ಮೇಷ್ಟ್ರು
ಅಕ್ಕಾವ್ರೇ, "ನೋಡೋ ಹಾಗಿರೋದು ಎಷ್ಟು ಬರುತ್ತೆ" ಅಂದ್ರಲ್ಲ, ಅದಕ್ಕೆ ಲೆಕ್ಕ ಹಾಕಿ ಹೇಳಬಹುದು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರ್ಲಿ.

ಉದಾಹರಣೆಗೆ ಕೊಡಾಕ್ ಫನ್‌ಸೇವರ್ ಅನ್ನೋ ಡಿಸ್ಪೋಸಬಲ್ ಕ್ಯಾಮೆರಾ ತಗೊಳ್ಳಿ. ಒಳಗಿರೋದು ಐಎಸ್‌ಒ 800 ಫಿಲ್ಮ್ (ಈ ಅಂಕಿ ಹೆಚ್ಚಾದಷ್ಟೂ ಕಮ್ಮಿ ಬೆಳಕು ಸಾಕು), ಲೆನ್ಸ್ ಹೆಚ್ಚುಕಮ್ಮಿ ಎಫ್/10, ಅಂದ್ರೆ ಬೆಳಕು ಬಿಡೋ ತೂತು ಸಣ್ಣದು, ಶಟರ್ ಸೆಕೆಂಡಿನ 100ನೇ ಒಂದು ಭಾಗ. ಯಾವುದನ್ನೂ ಬದಲಾಯಿಸೋ ಹಾಗಿಲ್ಲ. ಬಿಸಿಲಿರಲಿ, ಕತ್ತಲಿರಲಿ, ಅದು ನೋಡೋದು ಅಷ್ಟೇ ಹೊತ್ತು, ಅಷ್ಟೇ ತೂತಿನಿಂದ. ಹೊರಗೆ ಹಗಲಲ್ಲಿ ಇದು ಧಾರಾಳ ಸಾಕು. ರಾತ್ರಿ ದೀಪ ಹಾಕಿದ ಹಾಲ್ ಒಳಗೆ ಅದಕ್ಕೆ ಸಿಗೋ ಬೆಳಕು ಬೇಕಾದ್ದರ ಹದಿನಾರನೇ ಒಂದು ಪಾಲು ಇರಬಹುದು, ದೀಪ ಮಂದ ಮಾಡಿದ್ರೆ ಅದಕ್ಕೂ ಕಮ್ಮಿ. ನಮ್ಮ ಕಣ್ಣಿಗೆ ಜಗಮಗ ಅನ್ನಿಸಿದ್ದು ಅದಕ್ಕೆ ಅಮಾವಾಸ್ಯೆ.

ಹಾಗಾಗಿ ಒಳಗಡೆ ಫ್ಲ್ಯಾಶ್ ಇಲ್ಲದೆ ಒಂದು ಫೋಟೋನೂ ಬರಲ್ಲ. ಫ್ಲ್ಯಾಶ್ ಎಷ್ಟು ದೂರ ಮುಟ್ಟುತ್ತೆ? ಅದರ ಮೇಲೇ ಬರೆದಿರ್ತಾರೆ, 4 ಅಡಿಯಿಂದ ಸುಮಾರು ಹನ್ನೊಂದೂವರೆ ಅಡಿ, ಅಂದ್ರೆ 1.2 ಮೀಟರ್‌ನಿಂದ 3.5 ಮೀಟರ್. ಇಂಥದ್ದೇ ಇನ್ನೊಂದು ಫ್ಯೂಜಿ ಕ್ವಿಕ್‌ಸ್ನ್ಯಾಪ್, ಅದರ ಫಿಲ್ಮ್ ಐಎಸ್‌ಒ 400, ಅದಕ್ಕೆ 1ರಿಂದ 3 ಮೀಟರ್. ದೂರ ಎರಡರಷ್ಟಾದ್ರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಏಳು ಮೀಟರ್ ಆಚೆ ಮದುಮಕ್ಕಳು ಕುಣೀತಿದ್ದಾರೆ ಅಂತ ಕೂತಲ್ಲಿಂದಲೇ ಒತ್ತಿದ್ರೆ ಬೀಳೋದು ಮುಂದಿನ ಕುರ್ಚಿಯವರ ಬೋಳು ತಲೆ, ಹಿಂದೆ ಕಪ್ಪು.

ಅತ್ತ ತೀರಾ ಹತ್ತಿರವೂ ಆಗಲ್ಲ. ಫೋಕಸ್ ಒಂದೇ ಕಡೆ ನಿಂತಿರುತ್ತೆ, ಸುಮಾರು ಒಂದು ಮೀಟರ್ ಒಳಗಿನದ್ದೆಲ್ಲ ಮಸುಕು. ಕೈ ಚಾಚಿ ಸೆಲ್ಫಿ ತೆಗೆದ್ರೆ ಮುಖ ಬೆಣ್ಣೆ ಕರಗಿದ ಹಾಗೆ ಬರುತ್ತೆ.

ಇನ್ನು ತಮಾಷೆ ನೋಡಿ. ಎಂಟು ಜನ ಕೂರೋ ದುಂಡು ಮೇಜಲ್ಲಿ ಎದುರಿಗೆ ಕೂತವರು ನಿಮಗೆ ಎಷ್ಟು ದೂರ? ಒಂದೂವರೆ, ಎರಡು ಮೀಟರ್. ಈ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡೋ ದೂರ ಸರಿಯಾಗಿ ಅದೇ. ಮೇಜಿನ ಈಚೆಯಿಂದ ಆಚೆಯವರನ್ನ ತೆಗೆದ್ರೆ ಬರುತ್ತೆ, ಉಳಿದದ್ದೆಲ್ಲ ಅದೃಷ್ಟ. ಕ್ಯಾಮೆರಾ ಜೊತೆ ಇಡೋ ಚೀಟೀಲಿ ಕವನ ಬರೆಯೋ ಬದಲು ಇದೊಂದನ್ನ ಬರೀರಿ: "ಫ್ಲ್ಯಾಶ್ ಹಾಕಿ, ಕ್ಯಾಮೆರಾ ಮೇಲಿನ ಸಣ್ಣ ದೀಪ ಹೊತ್ತೋವರೆಗೂ ಕಾಯಿರಿ, ಎದುರಿಗೆ ಕೂತವರನ್ನ ತೆಗೀರಿ."

ಹಳೇ ರೀಲು
ಮೇಷ್ಟ್ರೇ, ಇದನ್ನ ನನ್ನ ಮದುವೆಗೆ ಮುಂಚೆ ಹೇಳಿದ್ರೆ ನೂರು ಕಪ್ಪು ಫೋಟೋ ಉಳೀತಿತ್ತು.

ಕತ್ತಲೆ ಕೋಣೆ
ನಾನು ಲ್ಯಾಬಲ್ಲಿ ಕೆಲಸ ಮಾಡಿದವನು. ಮದುವೆ ರೀಲು ಬಂದ್ರೆ ನೋಡಿದ ಕೂಡಲೇ ಗೊತ್ತಾಗುತ್ತೆ. ಮೊದಲ ನಾಲ್ಕೈದು ಫ್ರೇಮ್ ಕಪ್ಪು, ಫ್ಲ್ಯಾಶ್ ಹಾಕಬೇಕು ಅಂತ ಆಮೇಲೆ ಯಾರಿಗೋ ಹೊಳೆದಿರುತ್ತೆ. ನಡುವೆ ಹತ್ತು ಒಳ್ಳೇದು. ಕೊನೇಲಿ ಒಂದೇ ಮುಖ ಆರು ಸಲ, ರೀಲು ಮುಗಿಸೋ ಅವಸರ. ಮೇಷ್ಟ್ರು ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸ್ತೀನಿ.

ಕೊಳ್ಳುವಾಗ ಫ್ಲ್ಯಾಶ್ ಇರೋದೇ ಹೌದಾ ನೋಡಿ. ಹಗಲು ಬೆಳಕಿಗೆ ಮಾತ್ರ ಅಂತ ಮಾಡಿದ್ದು, ನೀರಿಗಿಳಿಸೋದು ಅಂತ ಮಾಡಿದ್ದು ನೋಡೋಕೆ ಹಾಗೇ ಇರುತ್ತೆ, ಫ್ಲ್ಯಾಶ್ ಇರಲ್ಲ. ಕಪ್ಪು-ಬಿಳುಪು ಆಸೆ ಇದ್ರೆ ಇಲ್ಫರ್ಡ್ ಕಂಪನಿಯದು ಎರಡು ಬಗೆ ಇದೆ. ಎಕ್ಸ್‌ಪಿ2 ಅನ್ನೋ ಫಿಲ್ಮ್ ಇರೋದನ್ನ ಕಲರ್ ಫಿಲ್ಮ್ ತೊಳೆಯೋ ಸಿ-41 ಕೆಮಿಕಲ್‌ನಲ್ಲೇ ತೊಳೀಬಹುದು. ಎಚ್‌ಪಿ5 ಇರೋದನ್ನ ಆಗಲ್ಲ, ಅದಕ್ಕೆ ಕಪ್ಪು-ಬಿಳುಪಿನ ಕೆಮಿಕಲ್ಲೇ ಬೇಕು. ಎರಡನ್ನೂ ಕಲಸಿ ಒಂದೇ ಚೀಲದಲ್ಲಿ ತಂದುಕೊಟ್ಟು ನಮ್ಮ ತಲೆ ತಿನ್ನಬೇಡಿ, ಮೇಲೆ ಚೀಟಿ ಅಂಟಿಸಿ.

ಎಕ್ಸ್‌ಪೈರಿ ತಾರೀಖು ನೋಡಿ. ಕಾರಿನ ಡಿಕ್ಕಿಯಲ್ಲಿ ವಾರಗಟ್ಟಲೆ ಇಡಬೇಡಿ, ಶಾಖಕ್ಕೆ ಬಣ್ಣ ಕೆಡುತ್ತೆ. ವಿಮಾನದಲ್ಲಿ ತಗೊಂಡು ಹೋಗೋದಾದ್ರೆ ಲಗೇಜಿಗೆ ಹಾಕಲೇಬೇಡಿ, ಕೈಯಲ್ಲೇ ಒಯ್ದು, ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ಹಳೇ ಎಕ್ಸ್‌ರೇ ಹಾಗಲ್ಲ, ಒಂದೇ ಸಲಕ್ಕೆ ಫಿಲ್ಮ್ ಮಬ್ಬಾಗುತ್ತೆ.

ಖಾಲಿಯಾದ ಮೇಲೆ ಯಾವ ಕಾರಣಕ್ಕೂ ಮನೇಲಿ ಬಿಚ್ಚಬೇಡಿ. ಫ್ಲ್ಯಾಶ್‌ಗೆ ಅಂತ ಕರೆಂಟ್ ಕೂಡಿಟ್ಟಿರೋ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ತುಂಬಿರುತ್ತೆ, ಹಾಕಿರೋದು ಒಂದೂವರೆ ವೋಲ್ಟಿನ ಒಂದೇ ಸೆಲ್ ಆದ್ರೂ. ಚಾರ್ಜ್ ಆಗುವಾಗ ಕೇಳೋ ಆ ಸಣ್ಣ "ಕುಂಯ್…" ಸದ್ದು ಅದರದ್ದೇ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಸಲ ಮುಟ್ಟಿ ಸ್ಟೂಲಿಂದ ಕೆಳಗೆ ಬಿದ್ದಿದ್ದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಇದರಲ್ಲಿ ಫಿಲ್ಮನ್ನ ಫ್ಯಾಕ್ಟರಿಯಲ್ಲೇ ಪೂರ್ತಿ ಎಳೆದು ಆಚೆ ಸುತ್ತಿಟ್ಟಿರ್ತಾರೆ. ನೀವು ಒಂದೊಂದು ಫೋಟೋ ತೆಗೆದ ಹಾಗೂ ಅದು ಫಿಲ್ಮಿನ ಪುಟ್ಟ ಡಬ್ಬಿಯೊಳಕ್ಕೆ ವಾಪಸ್ ಹೋಗುತ್ತೆ. ಹಾಗಾಗಿ ಯಾರೋ ಕೆಡವಿ ಮುಚ್ಚಳ ಸಡಿಲ ಆದ್ರೂ ತೆಗೆದ ಫೋಟೋ ಹೆಚ್ಚಿನವು ಉಳೀತವೆ, ಹಾಳಾಗೋದು ತೆಗೀಬೇಕಿದ್ದವು. ಬಿದ್ದದ್ದನ್ನ ಬಿಸಾಕಬೇಡಿ, ಟೇಪ್ ಸುತ್ತಿ ತನ್ನಿ.

ನೆಗೆಟಿವ್ ಮನುಷ್ಯ
ನನ್ನ ಹೆಸರಿಗೆ ತಕ್ಕ ಹಾಗೆ ಮಾತಾಡ್ತೀನಿ. ಒಂದು ಸಂಜೆಗೆ ಹನ್ನೆರಡು ಪ್ಲಾಸ್ಟಿಕ್ ಡಬ್ಬಿ, ಹನ್ನೆರಡು ಸೆಲ್ಲು. 1987ರಲ್ಲಿ ಕೊಡಾಕ್ ತಂದ ಇಂಥ ಕ್ಯಾಮೆರಾದ ಹೆಸರೇ "ಫ್ಲಿಂಗ್", ಅಂದ್ರೆ ಬಿಸಾಕು. ಹೆಸರಲ್ಲೇ ಒಪ್ಪಿಕೊಂಡಿದ್ದಾರೆ.

ಕತ್ತಲೆ ಕೋಣೆ
ಬಿಸಾಕೋದು ನೀವು, ನಾವಲ್ಲ. ಫಿಲ್ಮ್ ತೆಗೆದ ಮೇಲೆ ಡಬ್ಬಿಗಳನ್ನ ಗುಡ್ಡೆ ಹಾಕಿ ಕಂಪನಿಗೆ ಕಳಿಸೋ ಏರ್ಪಾಡಿದೆ. ಇದಕ್ಕೆ ಕೋರ್ಟ್ ಕಟ್ಟೆ ಹತ್ತಿದ ಕಥೆಯೂ ಇದೆ. ಖಾಲಿ ಡಬ್ಬಿಗೆ ಬೇರೆಯವರು ಹೊಸ ಫಿಲ್ಮ್ ತುಂಬಿ ಮಾರ್ತಿದ್ರು, ಫ್ಯೂಜಿಯವರು ಪೇಟೆಂಟ್ ಹಿಡಿದು ಜಗಳಕ್ಕಿಳಿದ್ರು. 2001ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಜಾಝ್ ಫೋಟೋ ಅನ್ನೋ ಕಂಪನಿಯ ಪ್ರಕರಣದಲ್ಲಿ, ಅಮೆರಿಕದಲ್ಲೇ ಮೊದಲು ಮಾರಾಟ ಆದ ಡಬ್ಬಿ ತೆರೆದು ಫಿಲ್ಮ್ ಹಾಕಿ ಮುಚ್ಚೋದು ರಿಪೇರಿ ಲೆಕ್ಕಕ್ಕೆ ಬರುತ್ತೆ, ಹೊಸದಾಗಿ ತಯಾರಿಸಿದ ಹಾಗಲ್ಲ ಅಂತ ಹೇಳ್ತು. ಬಿಸಾಕೋ ಡಬ್ಬಿಗೆ ಎಂಥಾ ಬೆಲೆ ನೋಡಿ!

ಆದ್ರೆ ಮದುವೆಗೆ ಅಂತ ಹೂವು, ಹೃದಯ ಅಚ್ಚು ಹಾಕಿ ಬರೋ ಹೆಸರಿಲ್ಲದ ಕ್ಯಾಮೆರಾಗಳ ಬಗ್ಗೆ ಹುಷಾರು. ಒಳಗೆ ಯಾವ ಫಿಲ್ಮ್ ಇದೆ, ಎಷ್ಟು ಹಳೇದು ಅಂತ ಮೇಲೆ ಬರೆದಿಲ್ಲ ಅಂದ್ರೆ ಕೊಳ್ಳಬೇಡಿ. ಮೇಜಿಗೆ ಹೊಂದೋ ಬಣ್ಣ ಬೇಕಾದ್ರೆ ಒಳ್ಳೇ ಕ್ಯಾಮೆರಾ ತಂದು ನೀವೇ ಕಾಗದ ಸುತ್ತಿ. ಲೆನ್ಸ್, ಫ್ಲ್ಯಾಶ್, ಕಿಂಡಿ ಬಿಟ್ಟು.

ಸುಮ್ನೆ ಓದೋನು
ಇಷ್ಟು ದಿನ ಬರೀ ಓದ್ತಿದ್ದೆ, ಒಂದು ಸಂಶಯಕ್ಕೆ ಬಾಯಿ ಬಿಡ್ತಿದೀನಿ. ಇನ್‌ಸ್ಟ್ಯಾಕ್ಸ್ ಥರದ್ದು ಇಡಬಹುದಲ್ವಾ? ತೆಗೆದ ಫೋಟೋ ತಕ್ಷಣ ಅಚ್ಚಾಗಿ ಕೈಗೆ ಬರುತ್ತೆ.

ಹಳೇ ರೀಲು
ಬರುತ್ತೆ, ಅದೇ ಕಷ್ಟ. ಕೈಗೆ ಬಂದದ್ದನ್ನ ಜನ ಮನೆಗೆ ಒಯ್ತಾರೆ. ನಮ್ಮಣ್ಣನ ಮದುವೇಲಿ ಇಟ್ಟಿದ್ರು. ಹತ್ತು ಹಾಳೆ ಒಂದು ಪ್ಯಾಕ್, ಪ್ಯಾಕ್ ಮುಗಿದಾಗೆಲ್ಲ ನಾನೇ ಓಡಬೇಕಿತ್ತು. ಅರ್ಧ ಫೋಟೋ ಅತಿಥಿಗಳ ಪರ್ಸಿಗೆ ಹೋಯ್ತು. ಹಾರೈಕೆ ಪುಸ್ತಕಕ್ಕೆ ಅಂಟಿಸಿ ಪಕ್ಕದಲ್ಲಿ ಬರೀರಿ ಅಂತ ಒಂದು ಕಡೆ ಒಬ್ಬರನ್ನ ಕೂರಿಸಿದ್ರೆ ಮಾತ್ರ ಅದು ಚೆನ್ನ. ಎಲ್ಲಾ ಮೇಜಿಗೂ ಒಂದೊಂದು ಆಗೋ ಮಾತಲ್ಲ.

ಡಿಸ್ಪೋಸಬಲ್‌ನಲ್ಲಿ ಸೊಗಸು ಇರೋದೇ ತೆಗೆದದ್ದು ಕಾಣದೇ ಇರೋದ್ರಲ್ಲಿ. ಫೋನಲ್ಲಾದ್ರೆ ಒಂದು ತೆಗೆದು, ಎಲ್ಲರೂ ತಲೆ ಬಗ್ಗಿಸಿ ನೋಡಿ, "ನಂದು ಕಣ್ಣು ಮುಚ್ಚಿದೆ, ಇನ್ನೊಂದ್ಸಲ" ಅಂತ ಶುರು. ಇದರಲ್ಲಿ ಒತ್ತಿದ್ರೆ ಮುಗೀತು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರೀತಾರೆ. ಫ್ಯೂಜಿಯವರು 1986ರಲ್ಲಿ ಜಪಾನಿನಲ್ಲಿ ಇದನ್ನ ಮೊದಲು ತಂದಾಗ ಇಟ್ಟ ಹೆಸರು "ಉತ್ಸುರುನ್ ದೆಸು". ನಮ್ಮ ಮಾತಲ್ಲಿ ಹೇಳೋದಾದ್ರೆ "ಇದ್ರಲ್ಲೂ ಬೀಳುತ್ತೆ ಕಣ್ರೀ!" ಅಂತ. ಆ ಅನುಮಾನ, ಆ ಭರವಸೆ ಎರಡೂ ಇವತ್ತಿಗೂ ಸರಿಯಾಗೇ ಇದೆ.

ಮೂರನೇ ಸಾಲು
ಕಾಣಲ್ಲ ಅನ್ನೋದೇ ನನ್ನ ತಕರಾರು. ಫೋನಲ್ಲಿ ನನ್ನ ಕೆಟ್ಟ ಫೋಟೋ ಬಂದ್ರೆ "ಅಳಿಸಪ್ಪಾ" ಅಂತ ಕೇಳಬಹುದು. ಇಲ್ಲಿ ಯಾರು ಯಾವಾಗ ಒತ್ತಿದ್ರೋ ಗೊತ್ತಿಲ್ಲ, ತಿಂಗಳಾದ ಮೇಲೆ ಬಾಯಿ ತುಂಬ ತುತ್ತು ಇರೋ ನನ್ನ ಮುಖ ನೂರಿಪ್ಪತ್ತು ಜನರ ಗ್ರೂಪಿಗೆ ಬೀಳುತ್ತೆ.

ಕತ್ತಲೆ ಕೋಣೆ
ಅದು ಸರಿಯಾದ ಮಾತು. ಬಂದದ್ದೆಲ್ಲ ಹಾಗ್ಹಾಗೇ ಗ್ರೂಪಿಗೆ ಸುರಿಯಬೇಡಿ, ಮೊದಲು ಮನೆಯವರೊಬ್ಬರು ಕೂತು ಆರಿಸಲಿ. ಮಕ್ಕಳ ಫೋಟೋ ಇದ್ರೆ ಅವರ ತಂದೆ-ತಾಯಿಗೆ ತೋರಿಸಿ. ತರಲೆ ಮಾಡೋರಿಗೂ ಒಂದು ಮಾತು: ಲ್ಯಾಬಿನವರು ಎಲ್ಲವನ್ನೂ ನೋಡ್ತಾರೆ. ಎಲ್ಲವನ್ನೂ.

ಎರಡು ಮಕ್ಕಳ ತಾಯಿ
ನನಗನ್ನಿಸೋದು, ಮೇಜಿನ ಮೇಲೆ ಇಡೋದೇ ತಪ್ಪು. ಮೇಜಿನ ಮೇಲಿದ್ದದ್ದು ಯಾರದ್ದೂ ಅಲ್ಲ. ಒಬ್ಬರ ಕೈಗೆ ಕೊಟ್ಟು "ಇದು ನಿಮ್ಮ ಜವಾಬ್ದಾರಿ, ರಾತ್ರಿ ನನಗೇ ವಾಪಸ್ ಕೊಡಬೇಕು" ಅಂದ್ರೆ ಕತೆಯೇ ಬೇರೆ. ಹನ್ನೆರಡು ಬೇಡ, ಆರು ಸಾಕು. ನಾಲ್ಕು ಜನರ ಜೊತೆ ಬೆರೆಯೋರನ್ನ ಆರಿಸಿ. ಮಕ್ಕಳಿಗೂ ಒಂದು ಕೊಡಿ, ಅದು ಅವರದ್ದೇ ಅಂತ ಹೇಳಿ ಕೊಡಿ. ಆಗ ಬೇರೆಯವರದ್ದಕ್ಕೆ ಕೈ ಹಾಕಲ್ಲ.

ಲೆಕ್ಕದ ಮೇಷ್ಟ್ರು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹಾಗೇ ಒಂದು ಕ್ಯಾಮೆರಾ ಮುಂಚೆಯೇ ತಂದು ಮನೇಲಿ ಖರ್ಚು ಮಾಡಿ, ತೊಳೆಸಿ ನೋಡಿ. ನಿಮಗೇ ಫ್ಲ್ಯಾಶ್ ಗುಂಡಿ ಎಲ್ಲಿದೆ ಅಂತ ಗೊತ್ತಿಲ್ಲದೆ ಬೇರೆಯವರಿಗೆ ಏನು ಹೇಳಿಕೊಡ್ತೀರಿ? ಕೆಲವಕ್ಕೆ ಮುಂದಿನ ಗುಂಡಿ ಒತ್ತಬೇಕು, ಕೆಲವಕ್ಕೆ ಸ್ವಿಚ್ ಜಾರಿಸಬೇಕು.

ಮದುಮಗಳ ಅಕ್ಕ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿ ಜೊತೆ ಕೂತು ಇಡೀ ಚರ್ಚೆ ಓದಿದೆ. ಹನ್ನೆರಡು ಅಂತಿದ್ದವಳು ಮೇಷ್ಟ್ರ ಲೆಕ್ಕ ಓದಿ ಆರಕ್ಕೆ ಇಳಿದಳು. ಒಂದು ಪರೀಕ್ಷೆಗೆ ಬೇರೆ ತಂದಿದೀವಿ. ಅಪ್ಪ ಇನ್ನೂ ತಲೆ ಅಲ್ಲಾಡಿಸ್ತಿದ್ದಾರೆ, ಅವರಿಗೂ ಒಂದು ಕೊಡೋದು ಅಂತ ತೀರ್ಮಾನ ಆಗಿದೆ. ಮದುವೆ ಮುಗಿದ ಮೇಲೆ ಬಂದು ಹೇಳ್ತೀನಿ.

ಮದುಮಗಳ ಅಕ್ಕ
ಮದುವೆ ಮುಗೀತು, ರೀಲೂ ಬಂತು. ಮಾತು ಕೊಟ್ಟಿದ್ದೆನಲ್ಲ, ವರದಿ ಒಪ್ಪಿಸ್ತಿದೀನಿ.

ಕೊಟ್ಟಿದ್ದು ಆರು, ವಾಪಸ್ ಬಂದಿದ್ದು ಆರು. ಒಂದರಲ್ಲಿ 11 ಮಾತ್ರ ತೆಗೆದಿದ್ರು, ಆ ಅಣ್ಣ ಮಾತಿಗೆ ಕೂತು ಕ್ಯಾಮೆರಾ ಮರೆತೇಬಿಟ್ಟಿದ್ರು. ಉಳಿದ 16ನ್ನ ಮರುದಿನ ಮನೇಲಿ ಎಲ್ಲರೂ ಹಾಸಿಗೆ ಮಡಚೋ ಹೊತ್ತಲ್ಲಿ ನಾನೇ ಮುಗಿಸಿದೆ. 162ರಲ್ಲಿ ಇಟ್ಕೊಳ್ಳೋ ಹಾಗಿರೋದು 97. ಪರೀಕ್ಷೆಯ ರೀಲಲ್ಲಿ 27ಕ್ಕೆ 8 ಬಂದಿದ್ವು, ಆಗಲೇ ಫ್ಲ್ಯಾಶ್ ವಿಷಯ ಎಲ್ಲರಿಗೂ ಬಾಯಿಪಾಠ ಆಯ್ತು. ಹೆಬ್ಬೆರಳು ನಾಲ್ಕರಲ್ಲಿದೆ, ಯಾರದು ಅಂತ ಗೊತ್ತು. ನನ್ನದೇ.

ಎಲ್ಲರೂ ಹಿಡಿದು ಹಿಡಿದು ನೋಡ್ತಿರೋದು ಒಂಬತ್ತು ವರ್ಷದ ಚಿಕ್ಕಪ್ಪನ ಮಗ ತೆಗೆದದ್ದು. ಅವನು ಮೇಜಿನ ಬಟ್ಟೆ ಎತ್ತಿ ಕೆಳಗೆ ನುಗ್ಗಿದಾನೆ. ಆಚೆ ಕಡೆ ತಂಗಿಯ ಚಪ್ಪಲಿ ಎರಡೂ ಕಳಚಿ ಬಿದ್ದಿದೆ, ಒಂದು ಮಗುಚಿಕೊಂಡಿದೆ. ಅವಳ ಎಡಗಾಲು ಬಾವನ ಹೊಳೆಯೋ ಶೂ ಮೇಲೆ ಆರಾಮಾಗಿ ಕೂತಿದೆ. ಹಿಮ್ಮಡಿಗೆ ಅಂಟಿಸಿದ್ದ ಪ್ಲಾಸ್ಟರ್ ಕೂಡ ಕಾಣುತ್ತೆ. ಒಂದೂವರೆ ಮೀಟರ್ ದೂರ, ಫ್ಲ್ಯಾಶ್, ಎಲ್ಲಾ ಮೇಷ್ಟ್ರು ಹೇಳಿದ ಹಾಗೇ. ಮೇಜಿನ ಮೇಲೆ ಅದೇ ಹೊತ್ತಿಗೆ ಇಬ್ಬರೂ ಬೆನ್ನು ನೆಟ್ಟಗೆ ಮಾಡ್ಕೊಂಡು ನಗ್ತಿರೋ ಫೋಟೋ ಫೋಟೋಗ್ರಾಫರ್ ಹತ್ರ ಇದೆ. ತಂಗಿ ಎರಡನ್ನೂ ಮೇಲೆ ಕೆಳಗೆ ಇಟ್ಟು ಒಂದೇ ಚೌಕಟ್ಟು ಹಾಕಿಸ್ತಿದಾಳೆ.

ಅಪ್ಪ ತಮ್ಮ 27ನ್ನ ಮೊದಲ ಅರ್ಧ ಗಂಟೇಲೇ ಮುಗಿಸಿದ್ರು. ಬಾಗಿಲಿನ ಹೂವಿನ ಅಲಂಕಾರ, ಸಾಲಾಗಿಟ್ಟ ಕುರ್ಚಿ, ದೀಪದ ಸರ, ಜನರೇಟರು, ಕಾರು ನಿಲ್ಲಿಸಿದ ಜಾಗ, ಕೈ ತೊಳೆಯೋ ನಲ್ಲಿಗಳು. ತಾವು ದುಡ್ಡು ಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ತೆಗೆದಿದ್ದಾರೆ. ಮದುಮಕ್ಕಳು ಒಂದರಲ್ಲೂ ಇಲ್ಲ. "ಫೋನಲ್ಲೇ ತೆಗೀಬಹುದಿತ್ತು" ಅಂತ ಈಗಲೂ ಹೇಳ್ತಾರೆ.

ನೆಗೆಟಿವ್ ಮನುಷ್ಯ
ಜನರೇಟರ್ ಫೋಟೋ ಹೇಗೆ ಬಂದಿದೆ?

ಮದುಮಗಳ ಅಕ್ಕ
ಹೊರಗಡೆ ಹಗಲು ಬೆಳಕು ನೋಡಿ, 97ರಲ್ಲಿ ಅದೇ ಎಲ್ಲಕ್ಕಿಂತ ಶಾರ್ಪ್.

ಕತ್ತಲೆ ಕೋಣೆ
ಸ್ಕ್ಯಾನ್ ಬಂತು ಅಂತ ಸುಮ್ನಾಗಬೇಡಿ. ನೆಗೆಟಿವ್ ಕೇಳಿ ತಗೊಂಡ್ರಾ? ಕೇಳದಿದ್ರೆ ಕೆಲವು ಲ್ಯಾಬ್‌ನವರು ಸ್ವಲ್ಪ ದಿನ ಇಟ್ಟು ಎಸೆದುಬಿಡ್ತಾರೆ.

ಮದುಮಗಳ ಅಕ್ಕ
ಐದು ರೀಲಿಂದು ತಗೊಂಡೆ. ಅಪ್ಪಂದು ಯಾಕೆ ಅಂತ ಬಿಟ್ಟು ಬಂದಿದ್ದೆ. ನಿನ್ನೆ ಅವರೇ ಹೋಗಿ ತಂದಿದ್ದಾರೆ, ಮನೆ ಪತ್ರ ಇಡೋ ಫೈಲಲ್ಲಿದೆ.